ಅಕ್ವೇರಿಯಂನಲ್ಲಿ ಅಮೋನಿಯಾ ಮತ್ತೆ ಮತ್ತೆ ಏರುತ್ತಿದೆಯೇ? ಕೊಡಗಿನ ಮೆದು ನೀರಿಗೆ ತಕ್ಕ ಹಂತಗಳು

"ಅಣ್ಣ, ಮೊನ್ನೆ ತಾನೇ ಪೂರ್ತಿ ನೀರು ಬದಲಾಯಿಸಿದ್ದೆ. ಇವತ್ತು ನೋಡಿದ್ರೆ ಮತ್ತೆ ಅಮೋನಿಯಾ 2!"

ಮಳೆಗಾಲ ಶುರುವಾಯಿತೆಂದರೆ ನನಗೆ ಇಂಥ ಫೋನು ಬರುತ್ತಲೇ ಇರುತ್ತವೆ. ಸುಂಟಿಕೊಪ್ಪದಿಂದ, ನಾಪೋಕ್ಲಿನಿಂದ, ಮಡಿಕೇರಿ ಪೇಟೆಯಿಂದ. ಎಲ್ಲರೂ ಮಾಡಿರುವುದು ಒಂದೇ. ನೀರು ಬದಲಾಯಿಸಿದ್ದಾರೆ, ಟ್ಯಾಂಕ್ ತಿಕ್ಕಿ ತೊಳೆದಿದ್ದಾರೆ, ಅಂಗಡಿಯಿಂದ ಇನ್ನೊಂದು ಬಾಟಲಿ ತಂದು ಸುರಿದಿದ್ದಾರೆ. ಎರಡು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಶುರು.

ಒಂದು ಸಲ ಏರಿದ ಅಮೋನಿಯಾಕ್ಕೆ ನೀರು ಬದಲಾಯಿಸಿದರೆ ಸಾಕು. ಪದೇ ಪದೇ ಏರುತ್ತಿದ್ದರೆ ಸಾಲದು. ಮೀನಿನ ಗಲೀಜು, ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ತಿಂದು ಮುಗಿಸಬೇಕಾದ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತಿವೆ, ಇಲ್ಲವೇ ಕೆಲಸ ನಿಲ್ಲಿಸಿವೆ ಎಂದೇ ಅದರ ಅರ್ಥ. ನಮ್ಮ ಕಡೆ ಇದಕ್ಕೆ ಹೆಚ್ಚಿನ ಸಲ ಕಾರಣ ನಮ್ಮ ಒರತೆ, ಬಾವಿಗಳ ತೀರಾ ಮೆದು ನೀರು, ಅಂದರೆ ಲವಣಾಂಶ ತೀರಾ ಕಡಿಮೆ ಇರುವ ನೀರು. ಗಡಸು ಬೋರ್‌ವೆಲ್ ನೀರಿನ ಊರಿನವರು ಕೊಡುವ ಸಲಹೆಯನ್ನು ಇಲ್ಲಿ ಹಾಗೇ ಮಾಡಿದರೆ ಕೆಲವೊಮ್ಮೆ ಮೀನು ಉಳಿಯುವುದೂ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮುಖ್ಯವಾಗಿ, ಎರಡನೆಯದನ್ನು ಮುಗಿಸದೆ ಮೂರನೆಯದಕ್ಕೆ ಕೈ ಹಾಕಬೇಡಿ.

ಮೊದಲು ಕೈಯಲ್ಲಿ ಇರಬೇಕಾದ್ದು

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಬೇಕು. ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ), ಕೆಎಚ್, ಈ ನಾಲ್ಕೂ ಬೇಕು. ಇಲ್ಲಿ ಹೇಳುವ ಅಮೋನಿಯಾ ಅಂಕಿಗಳೆಲ್ಲ ಪಿಪಿಎಂ ಲೆಕ್ಕ, ಅಂದರೆ ಲೀಟರಿಗೆ ಮಿಲಿಗ್ರಾಂ. ಜನ ಬಿಡುವುದು ಕೆಎಚ್ ಕಿಟ್ಟನ್ನೇ, ನಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ್ದೂ ಅದೇ. ನೀರಿನಲ್ಲಿ ಕಾರ್ಬೊನೇಟ್, ಬೈಕಾರ್ಬೊನೇಟ್ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ. ಪಿಎಚ್ ಕುಸಿಯದಂತೆ ಹಿಡಿದಿಡುವುದು ಇವೇ. ಅದ್ದಿ ನೋಡುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಮಳೆಗಾಲದ ತೇವಕ್ಕೆ ಡಬ್ಬಿಯೊಳಗೇ ಹಾಳಾಗುತ್ತವೆ.

ಇದಲ್ಲದೆ ಒಂದು ಥರ್ಮಾಮೀಟರ್, ಗ್ರಾಂ ತೂಗುವ ಚಿಕ್ಕ ತಕ್ಕಡಿ, ಅಡುಗೆ ಸೋಡಾ, ಬ್ಯಾಟರಿ ಅಥವಾ ಪವರ್ ಬ್ಯಾಂಕಿನಿಂದ ಓಡುವ ಏರ್ ಪಂಪ್, ಸ್ಪಾಂಜ್ ಫಿಲ್ಟರ್ ಮತ್ತು ಎರಡು ಬಕೆಟ್. ಬಕೆಟ್ ಹೊಸದೇ ಇರಲಿ. ತೋಟದ ಮನೆಗಳಲ್ಲಿ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟನ್ನೇ ತೊಳೆದು ತರುವುದುಂಟು. ಆ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ವಿಷ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ವಿಷ.

ಹಂತ 1: ಅಳೆಯಿರಿ, ಸದ್ಯಕ್ಕೆ ಏನನ್ನೂ ಮುಟ್ಟಬೇಡಿ

ಟ್ಯಾಂಕಿನ ನೀರಿಗೆ ನಾಲ್ಕೂ ಟೆಸ್ಟ್ ಮಾಡಿ ಬರೆದಿಡಿ. ಆಮೇಲೆ ನೀವು ತುಂಬಿಸುವ ನೀರಿಗೂ ಮಾಡಿ, ಅದು ಒರತೆಯದಾಗಲಿ, ಬಾವಿಯದಾಗಲಿ, ನಲ್ಲಿಯದಾಗಲಿ. ತುಂಬಿಸುವ ನೀರನ್ನು ಎರಡು ಸಲ ನೋಡಬೇಕು. ಒಂದು, ಹಿಡಿದ ಕೂಡಲೇ. ಇನ್ನೊಂದು, ಬಕೆಟ್ಟಿನಲ್ಲಿ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಬಿಟ್ಟ ಮೇಲೆ. ನೆಲದೊಳಗಿಂದ ಬರುವ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಅದು ಹೊರಟುಹೋದ ಮೇಲೆ ಪಿಎಚ್ ಮೇಲೇರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮರುದಿನದ ಅಂಕಿಯನ್ನು.

ನಮ್ಮ ಮನೆಯ ಬಾವಿ ನೀರಿನ ಕೆಎಚ್ 1 ಡಿಗ್ರಿ. ಜೋರು ಮಳೆ ಹೊಡೆದಾಗ ಕಿಟ್ಟಿನ ಮೊದಲ ಹನಿಗೇ ಬಣ್ಣ ತಿರುಗಿಬಿಡುತ್ತದೆ, ಅಂದರೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ. ನಿಮ್ಮದೂ 2ಕ್ಕಿಂತ ಕಡಿಮೆ ಇದ್ದರೆ ಈ ಬರಹ ನಿಮಗಾಗಿಯೇ. ಕುಶಾಲನಗರದ ಕಡೆ ಬೋರ್‌ವೆಲ್ ನೀರು ಬಳಸುವವರಿಗೆ 6, 8 ಎಂದೆಲ್ಲ ಬರಬಹುದು. ಅಂಥವರು ಮೂರನೆಯ ಹಂತ ಬಿಟ್ಟು ನಾಲ್ಕಕ್ಕೆ ಹೋಗಬಹುದು.

ಟೆಸ್ಟಿನಲ್ಲಿ ಆಗುವ ತಪ್ಪು ಒಂದೇ, ಆತುರ. ಕಿಟ್ಟಿನ ಚೀಟಿಯಲ್ಲಿ 5 ನಿಮಿಷ ಎಂದಿದ್ದರೆ 5 ನಿಮಿಷವೇ ಕಾಯಿರಿ. ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ನೋಡಿ.

ಹಂತ 2: ಮೊದಲ 24 ಗಂಟೆ

ಆಹಾರ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಆರೋಗ್ಯದ ದೊಡ್ಡ ಮೀನು ಮೂರು ನಾಲ್ಕು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಏರ್ ಪಂಪ್ ಜೋರಾಗಿ ಓಡಲಿ. ಕಲ್ಲಿನ ಸಂದಿ, ಬೊಂಬೆಗಳ ಹಿಂದೆ, ಫಿಲ್ಟರಿನ ಕೆಳಗೆ ಕೈ ಹಾಕಿ ಸತ್ತ ಮೀನು, ಸತ್ತ ಬಸವನಹುಳು ಇದೆಯೇ ನೋಡಿ. ಚಿಕ್ಕ ಟ್ಯಾಂಕಿನಲ್ಲಿ ಒಂದು ಸತ್ತ ಮೋಲಿ ಸಾಕು, ಅಮೋನಿಯಾ ಏರಲು.

ಈಗ ನೀರು ಬದಲಾಯಿಸುವ ವಿಷಯ. ಇಲ್ಲೇ ಹೆಚ್ಚಿನವರು ಮೀನು ಕಳೆದುಕೊಳ್ಳುವುದು.

ಟೆಸ್ಟ್ ಕಿಟ್ ತೋರಿಸುವುದು ಎರಡು ವಸ್ತುಗಳ ಮೊತ್ತ. ಒಂದು ಅಮೋನಿಯಾ, ಅದು ವಿಷ. ಇನ್ನೊಂದು ಅಮೋನಿಯಂ, ಅದರ ವಿಷ ತೀರಾ ಕಡಿಮೆ. ಯಾವುದು ಎಷ್ಟು ಎಂಬುದು ಪಿಎಚ್ ಮೇಲೆ ನಿಂತಿದೆ. ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಪಿಎಚ್ 6 ಆದರೆ ಒಟ್ಟು ಮೊತ್ತದಲ್ಲಿ ವಿಷದ ಪಾಲು ಶೇ 0.06ರಷ್ಟು ಮಾತ್ರ. ಪಿಎಚ್ 7ಕ್ಕೆ ಶೇ 0.6. ಪಿಎಚ್ 8ಕ್ಕೆ ಶೇ 5 ದಾಟುತ್ತದೆ. ಪಿಎಚ್ ಒಂದು ಮೆಟ್ಟಿಲು ಹತ್ತಿದರೆ ವಿಷ ಸುಮಾರು ಹತ್ತು ಪಟ್ಟು.

ಹಾಗಾಗಿ ಮೆದು ನೀರಿನ ಹಳೆಯ ಟ್ಯಾಂಕಿನಲ್ಲಿ ಅಮೋನಿಯಾ 4 ತೋರಿಸಿದರೂ ಮೀನು ಸುಮ್ಮನೆ ಓಡಾಡಿಕೊಂಡಿರುತ್ತದೆ. ಅಲ್ಲಿ ಪಿಎಚ್ 6ಕ್ಕೆ ಕುಸಿದಿರುತ್ತದೆ. ನಾವು ಗಾಬರಿಯಿಂದ ಅರ್ಧ ಟ್ಯಾಂಕ್ ಖಾಲಿ ಮಾಡಿ ಪಿಎಚ್ 7.5 ಇರುವ ನೀರು ಸುರಿಯುತ್ತೇವೆ. ಅರ್ಧ ಗಂಟೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. "ನೀರು ಬದಲಾಯಿಸಿದ್ದಕ್ಕೇ ಸತ್ತವು" ಎನ್ನುತ್ತಾರಲ್ವಾ, ಅದು ಮೂಢನಂಬಿಕೆ ಅಲ್ಲ. ನನ್ನ ನಾಲ್ಕು ಏಂಜೆಲ್ ಮೀನು ಹೀಗೇ ಹೋದವು.

ಆದ್ದರಿಂದ ಪಿಎಚ್ ನೋಡಿಕೊಂಡು ಹೀಗೆ ಮಾಡಿ:

1. ಟ್ಯಾಂಕಿನ ಪಿಎಚ್ 7 ಅಥವಾ ಮೇಲಿದ್ದು, ಅಮೋನಿಯಾ 0.5 ದಾಟಿದ್ದರೆ ಇದು ತುರ್ತು. ಕೂಡಲೇ ಅರ್ಧ ನೀರು ಬದಲಾಯಿಸಿ. ಹೊಸ ನೀರಿನ ಬಿಸಿ ಟ್ಯಾಂಕಿನಷ್ಟೇ ಇರಲಿ, ಪಿಎಚ್ ಟ್ಯಾಂಕಿನದಕ್ಕಿಂತ ಹೆಚ್ಚು ಬೇಡ. ಮರುದಿನ ಅಳೆದು, ಬೇಕಾದರೆ ಇನ್ನೊಮ್ಮೆ.

2. ಪಿಎಚ್ 6.5 ಅಥವಾ ಕೆಳಗಿದ್ದರೆ ಆತುರ ಬೇಡ, ನಿಮಗೆ ಸಮಯ ಇದೆ. ಒಂದು ರಾತ್ರಿ ಗಾಳಿ ಬಿಟ್ಟ ನೀರಿನಿಂದ ಶೇ 10-15ರಷ್ಟು ಮಾತ್ರ ಬದಲಾಯಿಸಿ. ನಾಲ್ಕೈದು ಗಂಟೆ ಬಿಟ್ಟು ಪಿಎಚ್ ನೋಡಿ. ಹೆಚ್ಚು ಜಿಗಿದಿರದಿದ್ದರೆ ಮತ್ತೆ ಅಷ್ಟೇ. ಒಟ್ಟು ಅಮೋನಿಯಾ 0.5ಕ್ಕೆ ಬರುವವರೆಗೂ ಹೀಗೇ. ಮೂರು ನಾಲ್ಕು ದಿನ ಹಿಡಿಯಬಹುದು, ಹಿಡಿಯಲಿ.

3. ಇವೆರಡರ ನಡುವೆ ಇದ್ದರೆ ಒಂದು ಸಲಕ್ಕೆ ಕಾಲು ಭಾಗ ಬದಲಾಯಿಸಿ.

ಅಮೋನಿಯಾ ಹಿಡಿದಿಡುವ ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ತುರ್ತಿಗೆ ಬಾಟಲಿಯ ಮೇಲಿನ ಅಳತೆಯಂತೆ ಬಳಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಜಿಯೋಲೈಟ್ ಕಲ್ಲು ಹಾಕಿದ್ದೀರಾ? ಹಾಗಾದರೆ ಟ್ಯಾಂಕಿಗೆ ಉಪ್ಪು ಹಾಕಬೇಡಿ. ಉಪ್ಪಿನ ನೀರಿನಲ್ಲಿ ಅದು ಹಿಡಿದಿದ್ದ ಅಮೋನಿಯಾವನ್ನು ಮರಳಿ ಬಿಟ್ಟುಕೊಡುತ್ತದೆ.

ಹಂತ 3: ಕೆಎಚ್ ಏರಿಸಿ, ಮತ್ತೆ ಇಳಿಯದಂತೆ ನೋಡಿಕೊಳ್ಳಿ

ಕೊಡಗಿನ ಟ್ಯಾಂಕಿಗೆ ನಿಜವಾದ ಮದ್ದು ಇದು. ಸ್ವಲ್ಪ ಲೆಕ್ಕ ನೋಡೋಣ.

ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಪ್ರತಿ 1 ಮಿಲಿಗ್ರಾಂ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚಾಗುತ್ತದೆ. ಕೆಎಚ್ 1 ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ, ಅಷ್ಟೇ ನಮ್ಮ ಬಂಡವಾಳ.

100 ಲೀಟರ್ ಟ್ಯಾಂಕಿಗೆ ದಿನಕ್ಕೆ 1 ಗ್ರಾಂ ಆಹಾರ ಹಾಕುತ್ತೀರಿ ಎನ್ನಿ. ಅದರಲ್ಲಿ ಶೇ 40 ಪ್ರೋಟೀನ್ ಇದ್ದರೆ ಸಾರಜನಕ ಸುಮಾರು 64 ಮಿಲಿಗ್ರಾಂ. ಒಂದು ಪಾಲು ಮೀನಿನ ಮೈಗೆ ಹೋದರೂ ಉಳಿದದ್ದು ನೀರಿಗೆ ಬರುತ್ತದೆ. ಕೆಎಚ್ 1 ಇರುವ ನೀರು ಹೀಗೆ ಸುಮಾರು ಒಂದು ವಾರದಲ್ಲಿ ಬರಿದಾಗುತ್ತದೆ. ಆಮೇಲೆ ಪಿಎಚ್ ಕುಸಿಯುತ್ತದೆ. 6.5ರಿಂದ ಕೆಳಗೆ ಬ್ಯಾಕ್ಟೀರಿಯಾ ಕುಂಟುತ್ತವೆ, 6ರ ಹತ್ತಿರ ಬಹುತೇಕ ನಿಲ್ಲುತ್ತವೆ. ಅಮೋನಿಯಾ ಏರುತ್ತದೆ. ನೀವು ನೀರು ಬದಲಾಯಿಸುತ್ತೀರಿ, ಸ್ವಲ್ಪ ಕ್ಷಾರ ಬರುತ್ತದೆ, ಒಂದು ವಾರ ನಡೆಯುತ್ತದೆ, ಮತ್ತೆ ಬರಿದು. ಅಮೋನಿಯಾ ವಾರ ಹಿಡಿದು ಬಂದುಹೋಗುವುದು ಯಾಕೆ ಎಂಬುದು ಈಗ ಗೊತ್ತಾಯಿತಲ್ಲ?

1. ಅಮೋನಿಯಾ 0.5 ಅಥವಾ ಕೆಳಗೆ ಬಂದಿದೆಯೇ ನೋಡಿ. ಬಂದಿರದಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಅಮೋನಿಯಾ ಜಾಸ್ತಿ ಇರುವಾಗ ಸೋಡಾ ಹಾಕಿ ಪಿಎಚ್ ಏರಿಸಿದರೆ ಅಮೋನಿಯಂನ ಒಂದು ಪಾಲು ವಿಷದ ಅಮೋನಿಯಾ ಆಗುತ್ತದೆ.

2. ಅಡುಗೆ ಸೋಡಾ ತೂಗಿ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಸುಮಾರು 1 ಡಿಗ್ರಿ ಏರುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕು ತುಂಬ ಹಿಡಿಯುವುದು 56 ಲೀಟರ್, ಕಲ್ಲು ಕಳೆದರೆ 50. ಅದಕ್ಕೆ ಒಂದೂವರೆ ಗ್ರಾಂ ಸಾಕು.

3. ಒಂದು ಚೊಂಬು ನೀರಿನಲ್ಲಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ನಿಧಾನವಾಗಿ ಸುರಿಯಿರಿ. ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಬೇಡ. ಕೆಎಚ್ 3 ಅಥವಾ 4 ಬಂದ ಮೇಲೆ ನಿಲ್ಲಿಸಿ.

4. ಇನ್ನು ಮುಂದೆ ಹೊಸ ನೀರನ್ನು ಬಕೆಟ್ಟಿನಲ್ಲೇ ಅದೇ ಕೆಎಚ್‌ಗೆ ತಂದು ಹಾಕಿ. ಟ್ಯಾಂಕಿಗೆ ನೇರ ಸೋಡಾ ಹಾಕುವ ಅಭ್ಯಾಸ ಬಿಡಿ.

5. ಇಳಿಯದಂತೆ ಹಿಡಿಯಲು ಕಪ್ಪೆಚಿಪ್ಪು ಹಾಕಿ. ಕೋಳಿ ಆಹಾರದ ಅಂಗಡಿಯಲ್ಲಿ ಚಿಪ್ಪಿನ ನುಚ್ಚು ಸಿಗುತ್ತದೆ. ಚೆನ್ನಾಗಿ ತೊಳೆದು, ಕುದಿಸಿ, ಹಳೆ ಸಾಕ್ಸಿನಲ್ಲೋ ಬಲೆಯ ಚೀಲದಲ್ಲೋ ಕಟ್ಟಿ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಇಡಿ. 50 ಲೀಟರಿಗೆ ಒಂದು ಹಿಡಿಯಿಂದ ಶುರು ಮಾಡಿ. ನೀರು ಆಮ್ಲವಾದಷ್ಟೂ ಅದು ಕರಗುತ್ತದೆ, ನೀರು ಸರಿ ಇದ್ದಾಗ ಸುಮ್ಮನಿರುತ್ತದೆ. ಕೆಲಸ ನಿಧಾನ, ಆದರೆ ನಂಬಿಕಸ್ಥ. ಮೇಲೆ ಲೋಳೆ ಕಟ್ಟಿದಾಗ ತೊಳೆದಿಡಿ.

ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ, ವಾಷಿಂಗ್ ಸೋಡಾ ಬೇರೆ. ಡಬ್ಬಿಯ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಎಂದಷ್ಟೇ ಇರಬೇಕು. ತೋಟಕ್ಕೆ ತಂದ ಸುಣ್ಣ ಮನೆಯಲ್ಲೇ ಇದೆಯಲ್ಲ, ಅದನ್ನೇ ಒಂದು ಚಿಟಿಕೆ ಹಾಕಿದರಾಗದೇ ಎಂದು ಒಬ್ಬರು ಕೇಳಿದ್ದರು. ಬೇಡವೇ ಬೇಡ. ಸುಟ್ಟ ಸುಣ್ಣವಾದರೆ ಪಿಎಚ್ ಒಂದೇ ಏಟಿಗೆ ಎಲ್ಲಿಗೋ ಹೋಗುತ್ತದೆ.

ಹಂತ 4: ಫಿಲ್ಟರನ್ನು ಬದುಕಲು ಬಿಡಿ

ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದಲ್ಲ. ಸ್ಪಾಂಜಿಗೆ, ಕಲ್ಲಿಗೆ, ಗಾಜಿಗೆ ಅಂಟಿಕೊಂಡಿರುತ್ತವೆ. ಭಾನುವಾರ ಎಲ್ಲವನ್ನೂ ಹೊರಗೆ ಹಾಕಿ, ಕಲ್ಲು ಉಜ್ಜಿ, ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ, ಬಿಸಿಲಿಗೆ ಒಣಗಿಸಿ ಮತ್ತೆ ಜೋಡಿಸಿದರೆ ನೋಡಲು ಚಂದ. ಆದರೆ ಆ ಟ್ಯಾಂಕ್ ಸೊನ್ನೆಯಿಂದ ಶುರುವಾದ ಹಾಗೆ. ಮತ್ತೆ ಸರಿಯಾಗಲು ನಾಲ್ಕರಿಂದ ಆರು ವಾರ ಬೇಕು. ಚಳಿಯಲ್ಲಿ ಇನ್ನೂ ಜಾಸ್ತಿ. ಪ್ರತಿ ತಿಂಗಳು ಹೀಗೆ ತೊಳೆಯುವವರ ಟ್ಯಾಂಕು ಯಾವತ್ತೂ ಪಕ್ವವಾಗುವುದೇ ಇಲ್ಲ.

ಸ್ಪಾಂಜ್ ತೊಳೆಯುವುದು ಹೀಗೆ. ಟ್ಯಾಂಕಿನಿಂದಲೇ ಅರ್ಧ ಬಕೆಟ್ ನೀರು ತೆಗೆಯಿರಿ. ಅದರಲ್ಲಿ ಸ್ಪಾಂಜನ್ನು ಮೂರು ನಾಲ್ಕು ಸಲ ಹಿಂಡಿ. ಕಂದು ಬಣ್ಣ ಪೂರ್ತಿ ಹೋಗುವುದು ಬೇಡ, ನೀರು ಸಲೀಸಾಗಿ ಹಾದುಹೋದರೆ ಸಾಕು. ಎರಡು ಸ್ಪಾಂಜ್ ಇದ್ದರೆ ಇವತ್ತು ಒಂದು, ಎರಡು ವಾರ ಬಿಟ್ಟು ಇನ್ನೊಂದು. ಅದೇ ದಿನ ಕಲ್ಲನ್ನೂ ಕೆದಕಬೇಡಿ.

ಕಲ್ಲಿನ ಅಡಿಯ ಗಸಿಯನ್ನು ಪೈಪಿನಿಂದ ಎಳೆಯಬೇಕು, ಆದರೆ ಒಂದು ವಾರಕ್ಕೆ ಮೂರನೇ ಒಂದು ಭಾಗದಷ್ಟು ಜಾಗ ಮಾತ್ರ.

ಹೊಸ ಫಿಲ್ಟರ್ ತಂದರೆ ಹಳೆಯದನ್ನು ಕೂಡಲೇ ತೆಗೆಯಬೇಡಿ. ಒಂದು ತಿಂಗಳು ಎರಡೂ ಜೊತೆಗೆ ಓಡಲಿ. ಗೆಳೆಯರ ಆರೋಗ್ಯವಾದ ಟ್ಯಾಂಕಿನಿಂದ ಒಂದು ತುಂಡು ಹಳೆ ಸ್ಪಾಂಜ್ ಸಿಕ್ಕರೆ ಬಾಟಲಿ ಬ್ಯಾಕ್ಟೀರಿಯಾಕ್ಕಿಂತ ಅದೇ ಮೇಲು. ಒದ್ದೆಯಾಗಿಯೇ ತನ್ನಿ, ಅರ್ಧ ದಿನದೊಳಗೆ ಹಾಕಿ.

ಮೀನಿಗೆ ರೋಗ ಬಂದಾಗ ಆ್ಯಂಟಿಬಯಾಟಿಕ್, ಮೆಥಿಲೀನ್ ಬ್ಲೂ ಇವನ್ನು ದೊಡ್ಡ ಟ್ಯಾಂಕಿಗೇ ಸುರಿಯುವುದೂ ಫಿಲ್ಟರನ್ನು ಕೊಲ್ಲುವ ದಾರಿಯೇ. ಮೀನನ್ನು ಬೇರೆ ತೊಟ್ಟಿಗೆ ಹಾಕಿ ಮದ್ದು ಮಾಡಿ.

ಹಂತ 5: ಆಹಾರ ಮತ್ತು ಮೀನಿನ ಲೆಕ್ಕ

ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು. ವಾರಕ್ಕೊಂದು ದಿನ ಏನೂ ಬೇಡ. 1 ಗ್ರಾಂ ಆಹಾರ ತಿನ್ನದೆ ಕೊಳೆತರೆ 100 ಲೀಟರಿನಲ್ಲಿ 0.7 ಪಿಪಿಎಂ ಮೀರಿ ಅಮೋನಿಯಾ ಆಗಬಹುದು. 50 ಲೀಟರಿನಲ್ಲಿ ಅದರ ಎರಡರಷ್ಟು.

ಹುತ್ತರಿ ಹಬ್ಬಕ್ಕೆ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಹೋಗುವಾಗ ಪಕ್ಕದ ಮನೆ ಹುಡುಗನಿಗೆ ಡಬ್ಬಿ ಕೊಟ್ಟು ಹೋಗಿದ್ದೆ. ಪಾಪ, ಅವನು ಪ್ರೀತಿಯಿಂದ ನಾಲ್ಕು ದಿನದಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದ್ದ. ಈಗ ಒಂದೊಂದು ದಿನದ್ದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಇಟ್ಟು, ಡಬ್ಬಿಯನ್ನು ಬೀರುವಿನೊಳಗೆ ಇಟ್ಟು ಹೋಗುತ್ತೇನೆ.

ಎರಡು ಅಡಿ ಟ್ಯಾಂಕಿನಲ್ಲಿ ಗೋಲ್ಡ್ ಫಿಶ್ ಇಟ್ಟಿದ್ದರೆ ನೇರವಾಗಿ ಹೇಳುತ್ತೇನೆ, ಮೇಲಿನ ಎಲ್ಲ ಮಾಡಿದರೂ ನಿಮ್ಮ ಕಷ್ಟ ಮುಗಿಯುವುದಿಲ್ಲ. ಅವು ದೊಡ್ಡದಾಗುತ್ತವೆ, ಗಲೀಜೂ ಜಾಸ್ತಿ. ದೊಡ್ಡ ತೊಟ್ಟಿ ಇರುವವರಿಗೆ ಕೊಟ್ಟುಬಿಡಿ.

ಮನಿಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟರೆ ಒಳ್ಳೆ ಸಹಾಯ. ಎಲೆ ಮಾತ್ರ ನೀರಿನ ಮೇಲೆ ಇರಲಿ. ಅಂತರಗಂಗೆಯೂ ಆಗುತ್ತದೆ. ತೋಟದ ಕೆರೆಯಿಂದ ತಂದರೆ ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ದಿನ ಬಿಟ್ಟು ದಿನ ನೀರು ಬದಲಾಯಿಸಿ ಆಮೇಲೆ ಹಾಕಿ. ಸಿಂಪಡಣೆಯ ಮದ್ದು, ಜಿಗಣೆ, ಹುಳ ಎಲ್ಲ ಅದರ ಜೊತೆ ಬರುತ್ತವೆ.

ಹಂತ 6: ಕರೆಂಟು ಹೋದಾಗ, ಚಳಿ ಬಂದಾಗ

ಕಕ್ಕಡದ (ಆಟಿ ತಿಂಗಳ) ಮಳೆಗೆ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟಿಲ್ಲದಿರುವುದು ನಮಗೆ ಹೊಸತಲ್ಲ. ಫಿಲ್ಟರ್ ನಿಂತರೆ ಸ್ಪಾಂಜಿನೊಳಗೆ ಆಮ್ಲಜನಕ ಮುಗಿಯುತ್ತದೆ. ಮುಚ್ಚಿದ ಡಬ್ಬಿಯ ಫಿಲ್ಟರಾದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ.

1. ಕರೆಂಟು ಹೋದ ಕೂಡಲೇ ಆಹಾರ ನಿಲ್ಲಿಸಿ.

2. ಬ್ಯಾಟರಿ ಏರ್ ಪಂಪನ್ನು ಸ್ಪಾಂಜ್ ಫಿಲ್ಟರಿಗೇ ಜೋಡಿಸಿ, ಬರೀ ಏರ್ ಸ್ಟೋನಿಗೆ ಅಲ್ಲ. ಮೀನೂ ಉಳಿಯುತ್ತದೆ, ಬ್ಯಾಕ್ಟೀರಿಯಾವೂ ಉಳಿಯುತ್ತವೆ.

3. ಡಬ್ಬಿ ಫಿಲ್ಟರ್ ಬಿಚ್ಚಿ, ಸ್ಪಾಂಜನ್ನು ತೆಗೆದು ಟ್ಯಾಂಕಿನೊಳಗೆ ಬಿಡಿ.

4. ಬಿಚ್ಚಲು ಆಗದೆ ಹಾಗೇ ಉಳಿದಿದ್ದರೆ, ಕರೆಂಟು ಬಂದಾಗ ಸ್ವಿಚ್ ಹಾಕುವ ಮೊದಲು ಡಬ್ಬಿಯ ನೀರನ್ನು ಹೊರಗೆ ಚೆಲ್ಲಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸ್ಪಾಂಜನ್ನು ಟ್ಯಾಂಕಿನ ನೀರಿನಲ್ಲಿ ಹಿಂಡಿಯೇ ಹಾಕಿ. ಮುಂದಿನ ಒಂದು ವಾರ ದಿನಾ ಅಳೆಯಿರಿ.

ನೀರು 28ರಿಂದ 18 ಡಿಗ್ರಿಗೆ ಇಳಿದರೆ ಬ್ಯಾಕ್ಟೀರಿಯಾದ ಕೆಲಸ ಸುಮಾರು ಅರ್ಧವಾಗುತ್ತದೆ. ಮಡಿಕೇರಿಯ ಮಳೆಗಾಲ, ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹೀಟರ್ ಇಲ್ಲದ ಟ್ಯಾಂಕು ಅಷ್ಟಕ್ಕೆ ಇಳಿಯುವುದು ಸುಲಭ. ಲೀಟರಿಗೆ 1 ವ್ಯಾಟ್ ಎಂಬ ಸಾಮಾನ್ಯ ಲೆಕ್ಕ ನಮ್ಮ ಚಳಿಗೆ ಸಾಲದು. 50 ಲೀಟರಿಗೆ 75 ವ್ಯಾಟ್ ಹಾಕಿ. ಹೀಟರ್ ಬೇಡ ಎನ್ನುವವರು ಆಹಾರವನ್ನಾದರೂ ಅರ್ಧ ಮಾಡಿ.

ಹಂತ 7: ತುಂಬಿಸುವ ನೀರಿನ ಮೇಲೆ ಕಣ್ಣಿಡಿ

ಮಳೆಗಾಲದಲ್ಲಿ ಬಾವಿಗೆ, ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಆ ಕ್ಲೋರಿನ್ ಸ್ಪಾಂಜಿಗೆ ಹೋದರೆ ನಾಲ್ಕನೇ ಹಂತದ ಶ್ರಮ ನೀರುಪಾಲು. ವಾಸನೆ ಬರಲಿ, ಬಾರದಿರಲಿ, ಆ ತಿಂಗಳುಗಳಲ್ಲಿ ಆ್ಯಂಟಿ ಕ್ಲೋರಿನ್ ಹಾಕಿಯೇ ಬಳಸಿ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಕಾಲ. ಮೇಲಿನ ತೋಟದಲ್ಲಿ ಪಲ್ಪರ್ ಇದ್ದರೆ ತೋಡಿನ ನೀರನ್ನು ಟ್ಯಾಂಕಿಗೆ ತರಬೇಡಿ. ತೋಟಕ್ಕೆ ಯೂರಿಯಾ ಹಾಕಿದ ಮೇಲೆ ಮಳೆ ಬಂದರೂ ಅಷ್ಟೇ, ಬಾವಿ ನೀರಿನ ಅಮೋನಿಯಾವನ್ನು ಒಮ್ಮೆ ನೋಡಿ. ತುಂಬಿಸುವ ನೀರಿನಲ್ಲೇ 0.5 ಇದ್ದರೆ ಎಷ್ಟು ಬದಲಾಯಿಸಿದರೂ ಅಷ್ಟರಲ್ಲೇ ಇರುತ್ತೀರಿ.

ಅಪಾಯದ ಗುರುತುಗಳು

ಮೀನು ಮೇಲೆ ಬಂದು ಬಾಯಿ ಬಿಡುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮಡಚಿ ಮೂಲೆಯಲ್ಲಿ ನಿಲ್ಲುವುದು ಎಲ್ಲರಿಗೂ ಗೊತ್ತು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲು ಕಾಣುವುದು ಕೆಎಚ್. ಹೋದ ವಾರ 4 ಇದ್ದದ್ದು ಈ ವಾರ 2 ಆಗಿದ್ದರೆ ಚಿಪ್ಪು ಸಾಲುತ್ತಿಲ್ಲ. ನೀರು ಹಾಲು ಕದಡಿದಂತೆ ಬೆಳ್ಳಗಾದರೆ ಎಲ್ಲೋ ಏನೋ ಕೊಳೆಯುತ್ತಿದೆ.

ಅಮೋನಿಯಾ ಸೊನ್ನೆಗೆ ಬಂದು ನೈಟ್ರೈಟ್ ಏರಿದರೆ ಹೆದರಬೇಡಿ, ಮೊದಲ ಬ್ಯಾಕ್ಟೀರಿಯಾ ಎದ್ದಿವೆ, ಎರಡನೆಯವು ಇನ್ನೂ ಎದ್ದಿಲ್ಲ. ಜಿಯೋಲೈಟ್ ಇದ್ದರೆ ಮೊದಲು ಹೊರತೆಗೆದು, ಲೀಟರಿಗೆ 1 ಗ್ರಾಂ ಉಪ್ಪು ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ.

ಸರಿಯಾಯಿತು ಎಂದು ಹೇಳುವುದು ಯಾವಾಗ?

ಎಂದಿನಷ್ಟೇ ಆಹಾರ ಹಾಕಿ, 24 ಗಂಟೆ ಬಿಟ್ಟು ಅಳೆದಾಗ ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು. ಕೆಎಚ್ 3ರ ಮೇಲೇ ಇರಬೇಕು. ಮೂರು ವಾರ ಹೀಗೇ ಇದ್ದರೆ ಮಾತ್ರ ಹೊಸ ಮೀನು ತನ್ನಿ. ಅದೂ ಒಂದು ಸಲಕ್ಕೆ ಎರಡು. ಮೂರನೇ ದಿನ, ಏಳನೇ ದಿನ ಮತ್ತೆ ಅಳೆಯಿರಿ.

ಎಲ್ಲ ಸರಿ ಇದ್ದೂ ಕಿಟ್ ಸದಾ 0.25 ಎಂದೇ ತೋರಿಸಿದರೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಅದೇ ಕಿಟ್ಟಿನಲ್ಲಿ ನೋಡಿ. ಅದರಲ್ಲೂ ಅಷ್ಟೇ ಹಸಿರು ಕಂಡರೆ ತಪ್ಪು ಟ್ಯಾಂಕಿನದಲ್ಲ. ಒಂದೋ ನಿಮ್ಮ ಟ್ಯೂಬ್‌ಲೈಟಿನ ಬೆಳಕು, ಇಲ್ಲವೇ ಅವಧಿ ಮುಗಿದ ಬಾಟಲಿ.